ಸರ್ವರ್ ಏಳದಿದ್ದರೆ ಏಳದಿರಲಿ!

ಸೆಟ್ಟಿಂಗ್‌ಗಳನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಇಡಿ ಅಂತ ಹೆರೋಕು ಎಂಜಿನಿಯರ್‌ಗಳು 2011ರಲ್ಲೇ ‘ಟ್ವೆಲ್ವ್-ಫ್ಯಾಕ್ಟರ್ ಆ್ಯಪ್’ನಲ್ಲಿ ಬರೆದರು. ಇಡೋದನ್ನು ಎಲ್ಲರೂ ಕಲಿತರು. ಸರಿಯಾಗಿ ಓದೋದನ್ನು ಕಲಿತವರು ಕಡಿಮೆ.

ಅಲ್ಲಿಂದ ಬರೋದೆಲ್ಲ ಬರೀ ಸ್ಟ್ರಿಂಗ್. ಡೀಬಗ್‌ಗೆ ‘ಫಾಲ್ಸ್’ ಅಂತ ಕೊಟ್ಟು ನೀವು ನಿಶ್ಚಿಂತೆಯಿಂದ ಮಲಗಿರ್ತೀರಿ. ಪೈಥಾನ್‌ಗೆ ಮಾತ್ರ ಖಾಲಿಯಲ್ಲದ ಯಾವ ಸ್ಟ್ರಿಂಗ್ ಆದರೂ ‘ಟ್ರೂ’ನೇ! ಜ್ಯಾಂಗೋ ಸೈಟ್‌ನಲ್ಲಿ ಒಂದು ಎರರ್ ಬಂದರೆ ಸಾಕು, ಒಳಗಿನ ಕೋಡ್ ತುಣುಕುಗಳು ಗ್ರಾಹಕರ ಮುಂದೆ ಬಟಾಬಯಲು.

ಅದಕ್ಕಿಂತ ಅಪಾಯ, ‘ಇಲ್ಲದಿದ್ದರೆ ಇದನ್ನು ತಗೋ’ ಅನ್ನೋ ಡೀಫಾಲ್ಟ್. ಸೀಕ್ರೆಟ್ ಕೀ ಹಾಕೋದು ಮರೆತರೂ ಸೈಟ್ ನಗುನಗುತ್ತಾ ಏಳುತ್ತೆ, ಗಿಟ್‌ನಲ್ಲಿ ಎಲ್ಲರಿಗೂ ಕಾಣೋ ಕೀಲಿ ಹಿಡಿದು.

ಆ್ಯಪ್ ಏಳುವ ಹೊತ್ತಲ್ಲೇ ಎಲ್ಲವನ್ನೂ ಓದಿ ಪರೀಕ್ಷಿಸಲಿ. ಒಂದು ಕಮ್ಮಿಯಿದ್ದರೂ ಅದರ ಹೆಸರು ಹೇಳಿ ನಿಂತುಬಿಡಲಿ. ಡಿಪ್ಲಾಯ್ ಮಾಡುವಾಗ ಬಿದ್ದರೆ ಹತ್ತು ನಿಮಿಷದ ಕೆಲಸ. ಬೀಗವಿಲ್ಲದೆ ಓಡುತ್ತಿದ್ದರೆ ಗೊತ್ತಾಗೋದು ಕಳ್ಳ ಬಂದು ಹೋದ ಮೇಲೆ.