ಶೂನ್ಯವೆಂದರೆ ‘ಇಲ್ಲ’ವೆಂದಲ್ಲ

ಶೂನ್ಯಸಂಪಾದನೆಯ ಪಾಠ ಬಂದಾಗಲೆಲ್ಲ ತರಗತಿಯಲ್ಲಿ ಒಂದು ಮಾತು ಕೇಳಿಬರುವುದುಂಟು: ‘ಅಲ್ಲಮನ ಶೂನ್ಯವೂ ಬೌದ್ಧರ ಶೂನ್ಯವೂ ಒಂದೇ, ಏನೂ ಇಲ್ಲವೆಂಬುದೇ ಅದರ ಅರ್ಥ.’ ಉತ್ತರಪತ್ರಿಕೆಗಳಲ್ಲಿಯೂ ಇದು ಇಣುಕುತ್ತದೆ. ಈ ಒಂದು ವಾಕ್ಯದಲ್ಲಿ ಎರಡು ತಪ್ಪುಗಳಿವೆಯೆಂಬುದು ನನ್ನ ಅಭಿಪ್ರಾಯ.

ಮೊದಲನೆಯದು, ಶೂನ್ಯತೆಯನ್ನು ‘ಇಲ್ಲ’ವೆಂದು ತಿಳಿಯುವುದು. ಸುಮಾರು 2ನೆಯ ಶತಮಾನದ ನಾಗಾರ್ಜುನನು ಮೂಲಮಧ್ಯಮಕಕಾರಿಕೆಯಲ್ಲಿ ವಸ್ತುವನ್ನು ಅಲ್ಲಗಳೆಯಲಿಲ್ಲ. ವಸ್ತುವಿಗೆ ಸ್ವತಂತ್ರವಾದ, ಬದಲಾಗದ ಸ್ವಭಾವವಿದೆಯೆಂಬ ನಂಬಿಕೆಯನ್ನು ಅಲ್ಲಗಳೆದನು. ಮಣ್ಣು, ನೀರು, ಬಿಸಿಲು ಕೂಡಿದಾಗ ಬೀಜ ಮೊಳೆಯುತ್ತದೆ. ಬೀಜತ್ವವು ಅದರ ಅಚಲ ಸ್ವಭಾವವಾಗಿದ್ದರೆ ಅದು ಎಂದೆಂದಿಗೂ ಬೀಜವಾಗಿಯೇ ಉಳಿಯಬೇಕಿತ್ತು. ಹೀಗೆ ಅನ್ಯವನ್ನು ಅವಲಂಬಿಸಿ ಹುಟ್ಟುವುದೇ ಪ್ರತೀತ್ಯಸಮುತ್ಪಾದ. ಅದನ್ನೇ ಅವನು ಶೂನ್ಯತೆ ಎಂದನು. ಎಲ್ಲವೂ ಶೂನ್ಯವಾದರೆ ದುಃಖನಿವಾರಣೆಯ ಮಾರ್ಗವೂ ಸುಳ್ಳಾಗದೇ ಎಂಬ ಆಕ್ಷೇಪವನ್ನು ತಾನೇ ಎತ್ತಿ ಉತ್ತರಿಸಿದನು: ದುಃಖಕ್ಕೆ ಅಚಲ ಸ್ವಭಾವವಿದ್ದರೆ ಅದು ಅಳಿಯಲಾರದು, ಶೂನ್ಯವಾದುದರಿಂದಲೇ ಅದಕ್ಕೆ ನಿವಾರಣೆಯುಂಟು.

ಝೆನ್ ಪಂಥವು ಈ ತಿಳಿವನ್ನು ದಿನಚರಿಗೆ ಇಳಿಸಿತು. ನಮ್ಮ ‘ಧ್ಯಾನ’ವೇ ಚೀನದಲ್ಲಿ ‘ಛಾನ್’ ಆಗಿ ಜಪಾನಿನಲ್ಲಿ ‘ಝೆನ್’ ಆಯಿತು. ಜಪಾನಿನ ದೋಗೆನ್ (1200–1253) ಬೋಧಿಸಿದ್ದು ಸುಮ್ಮನೆ ಕುಳಿತಿರುವುದನ್ನು. ಬಂದ ಆಲೋಚನೆಯನ್ನು ಹಿಡಿಯದೆ, ಅಟ್ಟದೆ ಇರುವುದನ್ನು. ಮಠದ ಅಡುಗೆಯವನು ಅಕ್ಕಿ ತೊಳೆಯಬೇಕಾದ ಬಗೆಯನ್ನೂ ಆತ ಬರೆದಿಟ್ಟನು. ಲೋಕವೇ ಇಲ್ಲವೆಂದು ತಿಳಿದವನು ಅಕ್ಕಿಯೊಳಗಿನ ಮರಳನ್ನು ಹುಡುಕುವನೆ?

ಎರಡನೆಯ ತಪ್ಪು, ಪದ ಒಂದಾದ ಮಾತ್ರಕ್ಕೆ ಅರ್ಥವೂ ಒಂದೆನ್ನುವುದು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯಲ್ಲಿ ಶೂನ್ಯವು ಶರಣನು ಸಂಪಾದಿಸಬೇಕಾದ ನಿಲುವು. ಶಿವವೆಂಬ ಪರತತ್ತ್ವದಲ್ಲಿ ಬೆರೆತು ಬಯಲಾಗುವಿಕೆ. ನಾಗಾರ್ಜುನನಲ್ಲಿ ಅಂತಹ ಪರತತ್ತ್ವಕ್ಕೆ ಎಡೆಯಿಲ್ಲ. ಶೂನ್ಯತೆಯೂ ಶೂನ್ಯವೇ, ಅದನ್ನೊಂದು ಮತವಾಗಿ ಹಿಡಿಯಬಾರದೆಂದು ಆತ ಎಚ್ಚರಿಸುತ್ತಾನೆ.

ಪದವು ಗಡಿ ದಾಟಿದಾಗ ಅರ್ಥ ಬದಲಾಗುವುದು ಕಾಸರಗೋಡಿನ ನಮಗೆ ಹೊಸತಲ್ಲ. ಕನ್ನಡದ ‘ಅವಸರ’ ತ್ವರೆ. ಮಲಯಾಳದಲ್ಲಿ ಅದೇ ಪದ ಅವಕಾಶ. ಎರಡು ದರ್ಶನಗಳ ನಡುವೆಯೂ ಅಂತಹ ಗಡಿಯಿದೆ.

ಹೋಲಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ವ್ಯತ್ಯಾಸವನ್ನು ಅರಿತ ಮೇಲೆ ಮಾಡಿದ ಹೋಲಿಕೆಗೆ ಬೆಲೆಯುಂಟು. ಆದುದರಿಂದ ವಿದ್ಯಾರ್ಥಿಮಿತ್ರರು ಲೇಖನಿ ಎತ್ತುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇದು ಯಾರ ಶೂನ್ಯ? ಏನಿಲ್ಲದ ಶೂನ್ಯ?