ಸರಕು ಕಂಡಿತು, ಸಾಹುಕಾರ ಕಾಣಲಿಲ್ಲ

ಸಮಾಜ ಮಾಧ್ಯಮಗಳಲ್ಲಿ ಎಲ್ಲೆಲ್ಲಿ ಯಾವ ಸರಕು ಹಂಚಿಕೆಯಾಗುತ್ತದೆಂದು ತೋರಿಸುವ ಬಣ್ಣಬಣ್ಣದ ನಕ್ಷೆಗಳು ಈಗ ಬಳಕೆಯಲ್ಲಿವೆ. ಇನ್‌ಸ್ಟಾಗ್ರಾಮಿನಲ್ಲಿ ಚಿತ್ರ ಮತ್ತು ಗಿಡ್ಡ ವೀಡಿಯೋ, ಯೂಟ್ಯೂಬಿನಲ್ಲಿ ಉದ್ದದ ವೀಡಿಯೋ, ಎಕ್ಸ್‌ನಲ್ಲಿ ಚುಟುಕು ಮಾತು, ಫೇಸ್‌ಬುಕ್ಕಿನಲ್ಲಿ ಎಲ್ಲದರ ಕಲಬೆರಕೆ. ನೋಡಲು ಚಂದ, ತಿಳಿವಳಿಕೆಗೂ ಉಪಯೋಗ. ಆದರೆ ಸಂತೆಯ ಅಂಗಡಿಗಳನ್ನೆಲ್ಲ ಬರೆದು ಮಾಲೀಕನ ಹೆಸರನ್ನು ಬಿಟ್ಟಂತಾಗಿದೆ.

ಆ ಹೆಸರನ್ನು ನಾವು ಸೇರಿಸುತ್ತೇವೆ. ಫೇಸ್‌ಬುಕ್ ಕಂಪನಿಯು 2012ರಲ್ಲಿ ಇನ್‌ಸ್ಟಾಗ್ರಾಮನ್ನೂ 2014ರಲ್ಲಿ ವಾಟ್ಸಾಪನ್ನೂ ಕೊಂಡಿತು. 2021ರಿಂದ ಅದರ ಹೆಸರು ಮೆಟಾ. ನಕ್ಷೆಯಲ್ಲಿ ಮೂರು ಬಣ್ಣ, ಗಲ್ಲಾಪೆಟ್ಟಿಗೆ ಒಂದೇ. ಅದರ ಆದಾಯದ ಬಹುಪಾಲು ಜಾಹೀರಾತಿನದು. ಪಾಳಿ ಮುಗಿಸಿ ಬಂದ ಕಾರ್ಮಿಕನ ಬಿಡುವೇ ಅಲ್ಲಿ ಮಾರಾಟದ ಮಾಲು.

ಇನ್ನೊಂದು ಕೊರತೆಯಿದೆ. ವಾಟ್ಸಾಪಿನ ಸಂದೇಶಗಳು ಗುಪ್ತಲಿಪಿಯಲ್ಲಿ ಸಾಗುತ್ತವೆ, ಹೊರಗಿನವರು ಎಣಿಸಲಾರರು. ಎಣಿಕೆಗೆ ಸಿಗದ ಆ ದಾರಿಯಲ್ಲೇ 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಹರಡಿತು. ಜನ ಗುಂಪುಗೂಡಿ ಒಬ್ಬ ನಿರಪರಾಧಿ ಯುವಕನನ್ನು ಬಡಿದು ಕೊಂದರು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆ ಮಾತ್ರ ದಾಟಿಸಬಹುದೆಂಬ ಮಿತಿಯನ್ನು ಕಂಪನಿ ಪ್ರಕಟಿಸಿದ್ದು ಆಮೇಲೆ.

ಬಂಧುಗಳೇ, ನಮ್ಮ ನಕ್ಷೆಯನ್ನು ನಾವೇ ಬರೆಯೋಣ. ಒಂದು ವಾರ ನಿಮ್ಮ ಫೋನಿಗೆ ಬಂದುದನ್ನು ನಾಲ್ಕು ಕಲಮಿನಲ್ಲಿ ಗುರುತಿಸಿರಿ: ಸುದ್ದಿ, ವ್ಯಾಪಾರ, ವಿನೋದ, ದ್ವೇಷ. ಯಾರು ಕಳಿಸಿದರು, ಯಾರಿಗೆ ಲಾಭ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಲೆಕ್ಕ ಇಟ್ಟವನನ್ನು ಮೋಸಗೊಳಿಸುವುದು ಸುಲಭವಲ್ಲ.