ಒಂದೇ ಅಂಕಿ, ಎರಡು ಸ್ವಭಾವ

ಕಪ್ಪು-ಬಿಳುಪಿನ ಫಿಲಂ ಕೊಳ್ಳುವವರು ಮೊದಲು ನೋಡುವುದು ಡಬ್ಬಿಯ ಮೇಲಿನ ಅಂಕಿಯನ್ನು. ಅಂಕಿ ಒಂದೇ ಆದರೆ ವಸ್ತುವೂ ಒಂದೇ ಎಂದು ಹಲವರು ತಿಳಿದಿರುವರು. ನಮ್ಮ ಸುದ್ದಗುಂಟೆಪಾಳ್ಯದ ತರುಣನೊಬ್ಬನು ಮೊನ್ನೆ, “ಮೇಷ್ಟ್ರೇ, ಮುಂದಿನ ತಿಂಗಳು ನಮ್ಮ ಹಳೆಯ ಮನೆಯನ್ನು ಕೆಡವುತ್ತಾರೆ. ಅಜ್ಜಿ ನಡುಮನೆಯಲ್ಲಿ ಕುಳಿತಿರುವ ಚಿತ್ರ ಬೇಕು. 400 ಎಂದಿರುವ ಯಾವ ಫಿಲಮ್ಮಾದರೂ ಆದೀತೇ?” ಎಂದು ಕೇಳಿದನು. ಕೆಡವಿದ ಮನೆಯನ್ನು ಮತ್ತೆ ಚಿತ್ರಿಸಲಾಗದು. ಆದಕಾರಣ ಈ ಪ್ರಶ್ನೆಯನ್ನು ಸಾವಧಾನವಾಗಿ ವಿಚಾರಿಸುವುದು ಯುಕ್ತ.

ಐ.ಎಸ್.ಓ. ಅಂಕಿಯು ಫಿಲಮ್ಮಿನ ವೇಗವನ್ನು ತಿಳಿಸುವುದು. ಅದು ಇಮ್ಮಡಿಯಾದರೆ ಬೇಕಾಗುವ ಬೆಳಕು ಅರ್ಧ. ಮಸುಕಾದ ನಡುಮನೆಯಲ್ಲಿ 100ರ ಫಿಲಮ್ಮಿಗೆ ಸೆಕೆಂಡಿನ 15ನೆಯ ಒಂದು ಪಾಲು ಹೊತ್ತು ಬೇಕಾದರೆ, 400ಕ್ಕೆ 60ನೆಯ ಒಂದು ಪಾಲು ಸಾಕು. ಮೊದಲಿನದರಲ್ಲಿ ಕೈ ಅಲುಗೀತು, ಅಜ್ಜಿಯೂ ಅಲುಗಿಯಾರು. ಆದುದರಿಂದ ಅಲ್ಲಿಗೆ 400 ಸರಿಯೇ.

ಆದರೆ ವೇಗವು ಬೇರೆ, ಸ್ವಭಾವವು ಬೇರೆ. ಫಿಲಮ್ಮಿನ ಲೇಪದಲ್ಲಿ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳಿರುವುವು. ಹರಳು ದೊಡ್ಡದಾದಷ್ಟೂ ವೇಗ ಹೆಚ್ಚು. ಚಿತ್ರದಲ್ಲಿ ರವೆಯೂ ಅಷ್ಟೇ ಹೆಚ್ಚು. ಇಲ್‌ಫರ್ಡ್ ಎಚ್‌ಪಿ5 ಪ್ಲಸ್, ಕೊಡಾಕ್ ಟ್ರೈ-ಎಕ್ಸ್ ಈ ಹಳೆಯ ಪದ್ಧತಿಯವು. ಕೊಡಾಕ್ ಟಿ-ಮ್ಯಾಕ್ಸ್, ಇಲ್‌ಫರ್ಡ್ ಡೆಲ್ಟಾಗಳಲ್ಲಿಯಾದರೋ ಹರಳುಗಳು ಚಪ್ಪಟೆಯಾಗಿರುವುವು. ಒಂದು ಎಲೆಯ ಮೇಲೆ ಅಕ್ಕಿಯನ್ನೂ ಇನ್ನೊಂದರ ಮೇಲೆ ಅಷ್ಟೇ ತೂಕದ ಅವಲಕ್ಕಿಯನ್ನೂ ಹರಡಿ ನೋಡಿರಿ. ಅವಲಕ್ಕಿಯೇ ಹೆಚ್ಚು ಎಲೆಯನ್ನು ಮುಚ್ಚುವುದು. ಅಂತೆಯೇ ಚಪ್ಪಟೆಯ ಹರಳು ಕಡಮೆ ಬೆಳ್ಳಿಯಲ್ಲಿ ಹೆಚ್ಚು ಬೆಳಕನ್ನು ಹಿಡಿಯುವುದು. ಅಂಕಿ 400 ಆದರೂ ರವೆ ನಯವಾಗಿರುವುದು ಇದರಿಂದಲೇ.

ಈ ನಯಕ್ಕೆ ಬೆಲೆಯುಂಟು. ಚಪ್ಪಟೆ ಹರಳಿನ ಫಿಲಂ ತೊಳೆಯುವವನ ಅಜಾಗ್ರತೆಯನ್ನು ಸುಲಭವಾಗಿ ಕ್ಷಮಿಸದು. ತಯಾರಕರು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಉಷ್ಣಕ್ಕೆ ಕಾಲವನ್ನು ಗೊತ್ತುಮಾಡಿರುವರು. ಬೇಸಗೆಯಲ್ಲಿ ನಮ್ಮ ಮಾಳಿಗೆಯ ತೊಟ್ಟಿಯ ನೀರು ಅದಕ್ಕಿಂತ ಬಿಸಿ. ಎಚ್‌ಪಿ5, ಟ್ರೈ-ಎಕ್ಸ್‌ಗಳು ಹೆಚ್ಚು ಸಹಿಷ್ಣುಗಳು. ಕೈ ಪಳಗದವನಿಗೆ, ಅದರಲ್ಲಿಯೂ ಮರಳಿ ತೆಗೆಯಲಾಗದ ಚಿತ್ರಕ್ಕೆ, ಇವೇ ಲೇಸು.

ಇನ್ನೊಂದು ಎಚ್ಚರಿಕೆ. ಹಳೆಯ ಪೆಟ್ಟಿಗೆಗಳಲ್ಲಿ ‘ಇಂದು’ ಎಂಬ ಹೆಸರಿನ ಸುರುಳಿ ದೊರೆತೀತು. ಅದು 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪಿತವಾಗಿ, ಈಗ ಮುಚ್ಚಿಹೋಗಿರುವ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯದು. ಸಂಸ್ಕೃತದಲ್ಲಿ ಇಂದು ಎಂದರೆ ಚಂದ್ರ. ಚಂದ್ರನಂತೆ ಫಿಲಮ್ಮೂ ಕ್ಷೀಣಿಸುವುದು; ಆದರೆ ಮತ್ತೆ ವೃದ್ಧಿಯಾಗದು. ವೇಗ ಕುಗ್ಗಿ ಮಬ್ಬು ಕವಿದರೂ ಡಬ್ಬಿಯ ಮೇಲಿನ ಅಂಕಿ ಮಾತ್ರ ಇದ್ದಂತೆಯೇ ಇರುವುದು. ಅಂತಹುದನ್ನು ನೆನಪಿಗಾಗಿ ಇಟ್ಟುಕೊಳ್ಳಿರಿ. ತಪ್ಪಬಾರದ ಚಿತ್ರಕ್ಕೆ ಹೊಸ ಸುರುಳಿಯನ್ನೇ ಕೊಳ್ಳಿರಿ.